ಬೀದರಿನ ಬಗ್ಗೆ ನಂಬಿದ್ದೆಷ್ಟು, ನಿಜವೆಷ್ಟು?

ಸಮರ್ಕಂದಿಗೆ ಹೋಗಿ ಬಂದವರು ಈಗ ಬೆಂಗಳೂರಿನ ರಾಜಾಜಿನಗರ, ವಿಜಯನಗರದಲ್ಲೂ ಸಿಗುತ್ತಾರೆ. ನೀಲಿ ಹೆಂಚಿನ ಮದರಸಾಗಳ ಫೋಟೊ ತೋರಿಸಿ, ಇಂಥದ್ದು ನಮ್ಮ ಕಡೆ ಎಲ್ಲಿದೆ ಎನ್ನುತ್ತಾರೆ. ಇದೆ, ಬೀದರಿನಲ್ಲಿ. ರಾತ್ರಿ ಯಶವಂತಪುರದಲ್ಲಿ ರೈಲು ಹತ್ತಿದರಾಯಿತು, ಪಾಸ್‌ಪೋರ್ಟ್ ಬೇಡ.

ಬಹಮನಿ ವಜೀರ ಮಹಮೂದ್ ಗವಾನ್ ಕ್ಯಾಸ್ಪಿಯನ್ ದಡದ ಗಿಲಾನ್ ಸೀಮೆಯವನು. ಅವನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಕಟ್ಟಡವನ್ನು ಹಲವರು ಮಸೀದಿ ಎಂದೇ ತಿಳಿದಿದ್ದಾರೆ. ಅದು ವಿದ್ಯಾಲಯ. ನಡುವೆ ಅಂಗಳ, ನಾಲ್ಕು ದಿಕ್ಕಿಗೂ ಎತ್ತರದ ಕಮಾನು, ಮುಂಭಾಗದ ಮೂಲೆಗಳಲ್ಲಿ ಮಿನಾರು, ಗೋಡೆಗೆ ಬಣ್ಣದ ಹೆಂಚು. ಸಮರ್ಕಂದಿನಲ್ಲಿ ದೊರೆ ಉಲುಗ್ ಬೇಗ್ 1420ರ ಹೊತ್ತಿಗೆ ಮುಗಿಸಿದ ಮದರಸಾದ ಮನೆತನಕ್ಕೇ ಸೇರಿದ್ದು.

ಬೀದರಿನ ಈ ಕಟ್ಟಡದಲ್ಲಿ ಈಗ ಉಳಿದಿರುವುದು ಒಂದೇ ಮಿನಾರು. ಯಾರೋ ದಂಡೆತ್ತಿ ಬಂದು ಕೆಡವಿದರು ಎಂಬುದು ಊಹೆ. ಔರಂಗಜೇಬನ ಕಾಲದಲ್ಲಿ ಒಳಗೆ ದಾಸ್ತಾನಿಟ್ಟಿದ್ದ ಮದ್ದು 1696ರಲ್ಲಿ ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಪುಸ್ತಕದ ಮನೆಯಲ್ಲಿ ಮದ್ದು ತುಂಬಿಸಿದವರ ಬುದ್ಧಿಗೆ ಏನೆನ್ನುವುದು!

ಕೋಟೆ ನೋಡಿದರೆ ಬೀದರ್ ಮುಗಿಯಿತು ಎನ್ನುವವರು ಅಷ್ಟೂರಿಗೆ ಹೋಗುವುದೇ ಇಲ್ಲ. ಊರಿನಿಂದ ಮೂರ್ನಾಲ್ಕು ಕಿಲೋಮೀಟರು. ಅಲ್ಲಿ ಸುಲ್ತಾನ ಅಹಮದ್ ಷಾ ವಲಿಯ ಗೋರಿ. ಹೊರಗೆ ಬೋಳು ಗೋಡೆ, ಒಳಗೆ ಕತ್ತಲು. ಟಾರ್ಚು ಒಯ್ಯಿರಿ, ಗುಮ್ಮಟದ ತುಂಬ ಕೆಂಪು, ಚಿನ್ನದ ಬಣ್ಣದ ಚಿತ್ತಾರ ಕಾಣುತ್ತದೆ. ಅದನ್ನು ಮುಸ್ಲಿಮರ ಜಾಗವೆಂದಷ್ಟೇ ತಿಳಿಯಬೇಡಿ. ಸುಲ್ತಾನನನ್ನು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುವ ಲಿಂಗಾಯತರಿದ್ದಾರೆ, ಉರುಸಿಗೆ ಜಂಗಮರು ಬರುತ್ತಾರೆ. ಬಸವಕಲ್ಯಾಣಕ್ಕೆಂದು ಬಸವೇಶ್ವರನಗರದಿಂದ ಹೊರಡುವವರು ಒಂದು ದಿನ ಇದಕ್ಕೂ ಇಟ್ಟುಕೊಳ್ಳಬಹುದು.

ಬಿಸಿಲೂರು ಎಂಬ ಭಯ ಅರ್ಧ ಸರಿ. ಏಪ್ರಿಲ್, ಮೇ ಬೇಡವೇ ಬೇಡ. ಆದರೆ ಊರು ಸುಮಾರು 2,200 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲಿದೆ, ಚಳಿಗಾಲದ ಬೆಳಿಗ್ಗೆ ಸ್ವೆಟರು ಬೇಕಾಗುತ್ತದೆ.

ಇನ್ನು ಬೀದರಿನ ಕರಕುಶಲ ಬಿದರಿ ಸಾಮಾನು. ಅದರ ಕಪ್ಪು ಬಳಿದ ಬಣ್ಣವಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿದ ನೀರಿಗೆ ಹಾಕಿದರೆ ಸತುವಿನ ಮಿಶ್ರಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮನೆಗೆ ತಂದ ಮೇಲೆ ಹಿತ್ತಾಳೆ ದೀಪದಂತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹುಳಿಗೆ ಆ ಕಪ್ಪು ಕೆಡುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಸಾಕು.