ತಾನೇ ಕಲಿತು ನೀರು ಬಿಡುವ ಯಂತ್ರ



ನಳದ ಕೆಳಗೆ ಕೊಡ ಇಟ್ಟವರಿಗೆಲ್ಲ ಇದು ಗೊತ್ತು. ಕೊಡದ ಹೊಟ್ಟೆ ತುಂಬಲು ಬಹಳ ಹೊತ್ತು ಬೇಕು. ಕುತ್ತಿಗೆಗೆ ಬಂತೆಂದರೆ ನೀರು ಸರ್ರನೆ ಏರಿ ಚೆಲ್ಲುತ್ತದೆ. ಅದಕ್ಕೇ ಅವ್ವ "ಕುತ್ತಿಗಿಗೆ ಬಂದ ಕೂಡ್ಲೆ ನಳ ಸಣ್ಣ ಮಾಡು" ಅಂತಾಳ. ವೃತ್ತದ ಅಗಲ ಅರ್ಧವಾದರೆ ಕ್ಷೇತ್ರಫಲ ಕಾಲು ಭಾಗ ಆಗುತ್ತದೆ. ಆದ್ದರಿಂದ ಅಷ್ಟೇ ನೀರು ನಾಲ್ಕು ಪಟ್ಟು ಮೇಲೇರುತ್ತದೆ. ಸುಳ್ಳೆನಿಸಿದರೆ ತಂಬಿಗೆಯಿಂದ ಅಳೆದು ಹಾಕಿ, ಕಡ್ಡಿ ಅದ್ದಿ ನೋಡಿರಿ.

ಮನುಷ್ಯರಿಲ್ಲದೆ ನೀರಿನ ಮಟ್ಟ ಕಾಯುವುದು ಹೇಗೆ? ಹಳೆಯ ಉಪಾಯವೆಂದರೆ ತೇಲುವ ಚೆಂಡು. ಟಾಕಿ ತುಂಬಿದಂತೆ ಚೆಂಡು ಮೇಲೆ ಬಂದು ನಳ ಮುಚ್ಚುತ್ತದೆ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ೧೯೦೩ರಲ್ಲಿ ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲು ಕೂಡಿಸಿದರು. ನೀರು ಗೊತ್ತುಮಾಡಿದ ಮಟ್ಟ ದಾಟಿದರೆ ಅವು ತಾವೇ ತೆರೆಯುತ್ತಿದ್ದವು, ಇಳಿದರೆ ತಾವೇ ಮುಚ್ಚುತ್ತಿದ್ದವು. ಮುಂದೆ ಕೃಷ್ಣರಾಜಸಾಗರದಲ್ಲಿಯೂ ಅಂಥ ಬಾಗಿಲು ಬಂದವು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ!

ಆದರೆ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಚೆಂಡು ಸಾಲದು. ಅಲ್ಲಿ ನೀರು ಬಹಳ ಇಳಿದರೆ ಕೊಳವೆಗಳು ಸುಟ್ಟು ಹೋಗುತ್ತವೆ, ಒಡೆದರೆ ಜೀವಕ್ಕೇ ಅಪಾಯ. ಹೆಚ್ಚಾದರೆ ಹಬೆಯ ಜೊತೆ ನೀರೂ ಹೊರಟು ಮುಂದಿನ ಯಂತ್ರ ಕೆಡಿಸುತ್ತದೆ. ಆದ್ದರಿಂದ ರಾಸಾಯನಿಕ ಎಂಜಿನಿಯರಿಂಗ್ ಕಲಿಯುವವರು ಮೊದಲು ಪ್ರಯೋಗಶಾಲೆಯಲ್ಲಿ ಸಣ್ಣ ಟಾಕಿಯ ಮೇಲೆ ಕಲಿಯುತ್ತಾರೆ. ಪಂಪು ನೀರು ಏರಿಸುತ್ತದೆ. ನಿಯಂತ್ರಕ ಎಂಬ ಯಂತ್ರ ಮಟ್ಟ ನೋಡಿ ವಾಲ್ವ್ ತಿರುಗಿಸುತ್ತದೆ. ಅದು ಮೂರು ಸಂಗತಿ ಲೆಕ್ಕ ಹಾಕುತ್ತದೆ: ಬೇಕಾದ ಮಟ್ಟಕ್ಕೂ ಇರುವ ಮಟ್ಟಕ್ಕೂ ಈಗ ಎಷ್ಟು ವ್ಯತ್ಯಾಸ, ಇಲ್ಲಿಯ ತನಕ ಒಟ್ಟು ಎಷ್ಟು ಕೂಡಿತು, ಎಷ್ಟು ಬೇಗ ಬದಲಾಗುತ್ತಿದೆ. ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಮೂರು ಅಂಕಿ ಇಡಬೇಕು. ಭಜನೆಗೆ ಕೂತವರು ತಂಬೂರಿಯ ಶ್ರುತಿ ಕೂಡಿಸುತ್ತಾರಲ್ಲ, ಹಾಗೆ. (ನಮ್ಮ ಊರ ಹೆಸರೂ ತಂಬೂರ ನೋಡ್ರಿ!) ೧೯೪೨ರಲ್ಲಿ ಅಮೆರಿಕದ ಝೀಗ್ಲರ್ ಮತ್ತು ನಿಕೋಲ್ಸ್ ಎಂಬವರು ಆ ಅಂಕಿ ಹುಡುಕುವ ನಿಯಮ ಬರೆದರು.

ಆ ಟಾಕಿ ಲಾಳಿಕೆಯ ಆಕಾರದ್ದಿದ್ದರೆ ಫಜೀತಿ. ಕೆಳಗೆ ಕಿರಿದು, ಮೇಲೆ ಅಗಲ. ಕೆಳಗೆ ಸರಿಹೋದ ಅಂಕಿ ಮೇಲೆ ಮಂದವಾಗುತ್ತದೆ. ಮೇಲಿನದನ್ನು ಕೆಳಗೆ ಇಟ್ಟರೆ ನೀರು ಏರಿಳಿದು ಕುಣಿಯುತ್ತದೆ.

ಇದಕ್ಕೆ ಉಪಾಯ ತಾನೇ ಹೊಂದಿಸಿಕೊಳ್ಳುವ ನಿಯಂತ್ರಕ. ಅದು ಘಳಿಗೆ ಘಳಿಗೆಗೂ ಇಷ್ಟು ನೀರು ಬಿಟ್ಟೆ, ಇಷ್ಟು ಏರಿತು ಎಂದು ನೋಡಿಕೊಂಡು ಈಗ ಪಾತ್ರೆ ಎಂಥದ್ದೆಂದು ಅಂದಾಜು ಮಾಡುತ್ತದೆ. ಆಮೇಲೆ ತನ್ನ ಅಂಕಿಗಳನ್ನು ತಾನೇ ಬದಲಿಸುತ್ತದೆ. ಅವ್ವ ಮಾಡುವುದೂ ಇದನ್ನೇ ಎಂದು ನನಗನಿಸುತ್ತದೆ. ೧೯೭೩ರಲ್ಲಿ ಸ್ವೀಡನ್ನಿನ ಕಾರ್ಲ್ ಆಸ್ಟ್ರಮ್ ಮತ್ತು ಬ್ಯೋರ್ನ್ ವಿಟೆನ್‌ಮಾರ್ಕ್ ಈ ವಿಚಾರವಾಗಿ ಹೆಸರಾದ ಲೇಖನ ಬರೆದರು.

ಇದಕ್ಕೂ ಒಂದು ಕೊರತೆ ಉಂಟು. ನೀರು ಬಹಳ ಹೊತ್ತು ಅಲುಗದೆ ನಿಂತರೆ ಅದಕ್ಕೆ ಕಲಿಯಲು ಏನೂ ಸಿಗುವುದಿಲ್ಲ, ಅಂದಾಜು ತಪ್ಪುತ್ತದೆ. ಆಗ ಬೇಕೆಂದೇ ವಾಲ್ವನ್ನು ಸ್ವಲ್ಪ ಅಲುಗಿಸುತ್ತಾರೆ.

ಊರ ನೀರಿನ ಟಾಕಿಗೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ನಾಲ್ಕು ಬೆರಳು ಹೆಚ್ಚುಕಡಿಮೆ ಆದರೆ ಏನೂ ಕೆಡುವುದಿಲ್ಲ, ಚೆಂಡು ಸಾಕು. ಆದರೂ ಎಷ್ಟೋ ಊರುಗಳಲ್ಲಿ ಅದೂ ಇಲ್ಲದೆ, ಬೇಸಿಗೆಯಲ್ಲಿಯೂ ಟಾಕಿ ತುಂಬಿ ನೀರು ಗಟಾರಕ್ಕೆ ಹರಿಯುತ್ತದೆ.

— ೭ನೇ ತರಗತಿ