ಸೊಳ್ಳೆಯ ಜೊಲ್ಲು: ಹೆಪ್ಪುಗಟ್ಟುವ ರಕ್ತದೊಡನೆ ಪೈಪೋಟಿ

ನಿಮ್ಮ ಬೆರಳಿಗೆ ಚಿಕ್ಕ ಗಾಯವಾದರೆ ಕೆಲವೇ ನಿಮಿಷಗಳಲ್ಲಿ ರಕ್ತ ಸೋರುವುದು ನಿಲ್ಲುತ್ತದೆ. ಹಾಗಿದ್ದರೆ ಕೂದಲಿಗಿಂತ ತೆಳುವಾದ ನಳಿಗೆಯಲ್ಲಿ ಸೊಳ್ಳೆ ಹೀರುವ ರಕ್ತ ಏಕೆ ಹೆಪ್ಪುಗಟ್ಟುವುದಿಲ್ಲ? ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಓದುಗರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ರಕ್ತ ಹೀರಲು ನೆರವಾಗುವ ಜೊಲ್ಲೇ ಮಿದುಳು ಜ್ವರದ ವೈರಸ್ಸನ್ನೂ ನಮ್ಮ ಮೈಗೆ ತಲಪಿಸುತ್ತದೆ.

ನಳಿಗೆಯ ಭೌತವಿಜ್ಞಾನ

ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬೆಳೆಯಲು ಅದಕ್ಕೆ ಪ್ರೋಟೀನ್ ಬೇಕು. ಹೊರಗೆ ಒಂದೇ ಸೊಂಡಿಲಿನಂತೆ ಕಾಣುವ ಭಾಗದೊಳಗೆ ಸೂಜಿಯಂಥ ಆರು ಅಂಗಗಳಿವೆ. ಒಂದು ಅಂಗದಲ್ಲಿ ರಕ್ತ ಮೇಲೇರುವ ನಳಿಗೆ, ಇನ್ನೊಂದರಲ್ಲಿ ಜೊಲ್ಲು ಕೆಳಗಿಳಿಯುವ ನಳಿಗೆ. ಇವೆರಡೂ ಬೇರೆ ಬೇರೆ ಎಂಬುದನ್ನು ನೆನಪಿಡಿ.

ರಕ್ತದ ನಳಿಗೆಯ ಒಳವ್ಯಾಸ ಸುಮಾರು 25 ಮೈಕ್ರೋಮೀಟರ್. ಕೆಂಪು ರಕ್ತಕಣದ ವ್ಯಾಸ 7ರಿಂದ 8 ಮೈಕ್ರೋಮೀಟರ್. ಎಂದರೆ ಪಕ್ಕಪಕ್ಕದಲ್ಲಿ ಮೂರು ಕಣಗಳು ಸಾಗುವಷ್ಟೇ ಜಾಗ. ಕಿರುನಳಿಗೆಯಲ್ಲಿ ದ್ರವದ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ನಳಿಗೆಯ ತ್ರಿಜ್ಯ ಅರ್ಧಕ್ಕಿಳಿದರೆ, ಅದೇ ಒತ್ತಡದಲ್ಲಿ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಚಿಕ್ಕ ಹೆಪ್ಪು ಕೂಡ ಸೊಳ್ಳೆಗೆ ಗಂಡಾಂತರವೇ.

ಮೂರು ತಡೆಗಳು, ಮೂರು ಉತ್ತರಗಳು

ರಕ್ತನಾಳಕ್ಕೆ ಗಾಯವಾದಾಗ ದೇಹ ಮೂರು ಬಗೆಯಲ್ಲಿ ರಕ್ತಸ್ರಾವವನ್ನು ತಡೆಯುತ್ತದೆ. ಮೊದಲು ನಾಳ ಸಂಕುಚಿಸುತ್ತದೆ. ಜೊತೆಗೇ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಗಾಯದ ಬಾಯಿಗೆ ಅಂಟಿಕೊಂಡು ಒಂದರ ಮೇಲೊಂದು ಕೂಡುತ್ತವೆ. ಇವೆರಡೂ ಸೆಕೆಂಡುಗಳಲ್ಲಿ ಶುರುವಾಗುತ್ತವೆ. ಮೂರನೆಯದು ಕಿಣ್ವಗಳ ಸರಪಳಿ ಕ್ರಿಯೆ. ಅದರ ಕೊನೆಯಲ್ಲಿ ಥ್ರಾಂಬಿನ್ ಎಂಬ ಕಿಣ್ವವು ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಅನ್ನು ಫೈಬ್ರಿನ್ ಎಳೆಗಳಾಗಿ ಮಾರ್ಪಡಿಸುತ್ತದೆ. ಈ ಎಳೆಗಳ ಬಲೆಯೇ ಹೆಪ್ಪು. ಗಾಜಿನ ನಳಿಕೆಗೆ ತೆಗೆದ ರಕ್ತ ಹೆಪ್ಪುಗಟ್ಟಲು ಹಲವು ನಿಮಿಷಗಳು ಬೇಕು.

ಸೊಳ್ಳೆಯ ಜೊಲ್ಲಿನಲ್ಲಿ ಮೂರಕ್ಕೂ ಉತ್ತರವಿದೆ. ನಾಳವನ್ನು ಹಿಗ್ಗಿಸುವ ವಸ್ತುಗಳಿವೆ. ಕಿರುಬಿಲ್ಲೆಗಳನ್ನು ಒಟ್ಟುಗೂಡಲು ಕರೆಯುವ ಸಂಕೇತಗಳಲ್ಲಿ ಎಡಿಪಿ ಎಂಬ ಅಣು ಒಂದು. ಜೊಲ್ಲಿನ ಎಪೈರೇಸ್ ಕಿಣ್ವ ಅದನ್ನು ಒಡೆದುಹಾಕುತ್ತದೆ. ಮೂರನೆಯ ತಡೆಗೂ ಪ್ರತಿರೋಧಕಗಳಿವೆ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಗಳಲ್ಲಿ ಅವು ಥ್ರಾಂಬಿನ್ನನ್ನೇ ಹಿಡಿದು ನಿಲ್ಲಿಸುತ್ತವೆ. ಕ್ಯೂಲೆಕ್ಸ್ ಮತ್ತು ಈಡಿಸ್ ಸೊಳ್ಳೆಗಳಲ್ಲಿ ಅದಕ್ಕೂ ಹಿಂದಿನ ಕೊಂಡಿಯಾದ ಹತ್ತನೆಯ ಅಂಶವನ್ನು ತಡೆಯುತ್ತವೆ.

ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ನಾವು ರಕ್ತಕ್ಕೆ ಸಿಟ್ರೇಟ್ ಅಥವಾ ಇಡಿಟಿಎ ಸೇರಿಸಿ ಕ್ಯಾಲ್ಸಿಯಂ ಅಯಾನುಗಳನ್ನು ಕಟ್ಟಿಹಾಕುತ್ತೇವೆ. ಕ್ಯಾಲ್ಸಿಯಂ ಇಲ್ಲದೆ ಸರಪಳಿ ಮುಂದುವರಿಯದು. ಸೊಳ್ಳೆಯದು ಇನ್ನೂ ಮಿತವ್ಯಯದ ದಾರಿ: ಒಂದು ಕೊಂಡಿಯನ್ನು ಮಾತ್ರ ಗುರಿಯಿಟ್ಟು ಕಳಚುವುದು.

ಜೊಲ್ಲಿಲ್ಲದ ಸೊಳ್ಳೆ

ಜೊಲ್ಲಿಲ್ಲದಿದ್ದರೆ ಏನಾದೀತು? 1960ರಲ್ಲಿ ಹಡ್ಸನ್ ಮತ್ತು ಸಂಗಡಿಗರು ಸೊಳ್ಳೆಗಳ ಜೊಲ್ಲುನಾಳವನ್ನು ಕತ್ತರಿಸಿ ನೋಡಿದರು. ಅಚ್ಚರಿಯೆಂದರೆ ಆ ಸೊಳ್ಳೆಗಳೂ ಹೊಟ್ಟೆ ತುಂಬ ರಕ್ತ ಹೀರಿದವು! 1984ರಲ್ಲಿ ರಿಬೇರೊ, ರಾಸಿನಾಲ್ ಮತ್ತು ಸ್ಪೀಲ್‌ಮನ್ ಇದರ ಒಗಟನ್ನು ಬಿಡಿಸಿದರು. ಜೊಲ್ಲಿಲ್ಲದ ಸೊಳ್ಳೆ ರಕ್ತನಾಳವನ್ನು ಹುಡುಕಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು.

ಈಗ ಲೆಕ್ಕ ಹಾಕಿ. ಸೊಳ್ಳೆಯ ಊಟ ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ನಿಧಾನವಾದ ಹೆಪ್ಪುಗಟ್ಟುವಿಕೆಗಿಂತ, ಸೆಕೆಂಡುಗಳಲ್ಲಿ ಕೂಡುವ ಕಿರುಬಿಲ್ಲೆಗಳೇ ಅದಕ್ಕೆ ಮೊದಲ ಅಡ್ಡಿ. ಅವನ್ನು ಚದುರಿಸಿದರೆ ಚುಚ್ಚಿದಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ, ನಾಳ ಬೇಗ ಸಿಗುತ್ತದೆ. ತಡವಾದಷ್ಟೂ ನಿಮ್ಮ ಕೈಯೇಟು ಬೀಳುವ ಸಂಭವ ಹೆಚ್ಚು. ಆದ್ದರಿಂದ ‘ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ’ ಎಂಬ ವಾಕ್ಯ ಸರಿಯಾದರೂ ಪೂರ್ಣವಲ್ಲ. ಜೊಲ್ಲು ಮುಖ್ಯವಾಗಿ ಗಳಿಸಿಕೊಡುವುದು ಸಮಯವನ್ನು.

ಗದ್ದೆಯಿಂದ ಮಿದುಳಿಗೆ

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಹರಿಯುತ್ತದೆ. ನೀರು ನಿಂತ ಭತ್ತದ ಗದ್ದೆ ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್ ಸೊಳ್ಳೆಯ ಮರಿಗಳಿಗೆ ಒಳ್ಳೆಯ ತಾಣ. ಜಪಾನೀಸ್ ಎನ್ಸೆಫಲೈಟಿಸ್, ಜನರ ಮಾತಿನಲ್ಲಿ ಮಿದುಳು ಜ್ವರ, ಮುಖ್ಯವಾಗಿ ಹರಡುವುದು ಇದರಿಂದಲೇ. ವೈರಸ್ ಹಂದಿಗಳಲ್ಲೂ ಬಕ ಜಾತಿಯ ನೀರುಹಕ್ಕಿಗಳಲ್ಲೂ ವೃದ್ಧಿಯಾಗುತ್ತದೆ.

ಹೀರಿದ ರಕ್ತ ಮರಳಿ ಹೊರಗೆ ಬರುವುದಿಲ್ಲ, ನಳಿಗೆಗಳು ಬೇರೆಯಲ್ಲವೆ? ವೈರಸ್ ಸೊಳ್ಳೆಯ ಜಠರದಲ್ಲಿ ಬೆಳೆದು, ಒಂದೆರಡು ವಾರಗಳಲ್ಲಿ ಜೊಲ್ಲುಗ್ರಂಥಿಯನ್ನು ಸೇರಬೇಕು. ಆಮೇಲೆಯೇ ಅದು ಜೊಲ್ಲಿನೊಡನೆ ಮನುಷ್ಯನಿಗೆ ದಾಟುತ್ತದೆ. ಎಚ್‌ಐವಿ ಸೊಳ್ಳೆಯಿಂದ ಏಕೆ ಹರಡದು ಎಂದು ವಿದ್ಯಾರ್ಥಿಗಳು ಕೇಳಿದರೆ ಉತ್ತರ ಇಲ್ಲಿಯೇ ಇದೆ: ಆ ವೈರಸ್ ಸೊಳ್ಳೆಯಲ್ಲಿ ಬೆಳೆಯಲಾರದು.

ಮಿದುಳು ಜ್ವರದ ಸೋಂಕು ತಗಲಿದ ಬಹುತೇಕರಿಗೆ ರೋಗಲಕ್ಷಣಗಳೇ ಕಾಣಿಸುವುದಿಲ್ಲ. ಆದರೆ ಮಿದುಳಿನ ಉರಿಯೂತ ಬಂದವರಲ್ಲಿ ನೂರಕ್ಕೆ 30ರವರೆಗೆ ಸಾಯಬಹುದು. ಬದುಕಿದವರಲ್ಲಿ ಅನೇಕರಿಗೆ ಶಾಶ್ವತ ನ್ಯೂನತೆ ಉಳಿಯುತ್ತದೆ. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿಯಿಲ್ಲ. ಲಸಿಕೆ ಇದೆ. ರೋಗಬಾಧಿತ ಜಿಲ್ಲೆಗಳ ಮಕ್ಕಳಿಗೆ 9 ತಿಂಗಳು ತುಂಬಿದ ಮೇಲೆ ಒಂದು ಸಲ, 16ರಿಂದ 24 ತಿಂಗಳೊಳಗೆ ಇನ್ನೊಂದು ಸಲ ಅದನ್ನು ಉಚಿತವಾಗಿ ಹಾಕುತ್ತಾರೆ.

ಶಿಕ್ಷಕರು ಈ ಪಾಠವನ್ನು ಗದ್ದೆಬದಿಯಲ್ಲೇ ಮಾಡಬಹುದು. ನಿಂತ ನೀರನ್ನು ಬಿಳಿ ತಟ್ಟೆಗೆ ಮೊಗೆದು ಸೊಳ್ಳೆಮರಿಗಳನ್ನು ತೋರಿಸಿ. ಗದ್ದೆಯನ್ನು ಆಗಾಗ ಒಣಗಲು ಬಿಟ್ಟು ನೀರು ಕೊಟ್ಟರೆ ಅವು ಕಡಿಮೆಯಾಗುತ್ತವೆ ಎಂದು ವಿವರಿಸಿ. ಹಂದಿಗೂಡು ಮನೆಯಿಂದ ದೂರವಿರಲಿ, ಸಂಜೆಯಾದೊಡನೆ ಮೈತುಂಬ ಬಟ್ಟೆಯಿರಲಿ, ಮಲಗುವಾಗ ಸೊಳ್ಳೆಪರದೆಯಿರಲಿ ಎಂದು ತಿಳಿಸಿ. ಮನೆಯಲ್ಲಿರುವ ತಮ್ಮ ತಂಗಿಯರ ಲಸಿಕೆ ಚೀಟಿಯಲ್ಲಿ ಎರಡೂ ಸಲದ ಗುರುತಿದೆಯೇ ಎಂದು ನೋಡಿಬರಲು ಮಕ್ಕಳಿಗೆ ಹೇಳಿ.