ಜಿನೀವಾ ತಲುಪಿದ ಬೀಡಿ ಕಟ್ಟುವವರ ಮಾತು

ಎಲೆ, ತಂಬಾಕು ಗುತ್ತಿಗೆದಾರ ಕೊಡ್ತಾನೆ. ಮನೆಯ ಜಗಲಿ ಮೇಲೆ ಕೂತು ಕಟ್ಟೋದು ಹೆಂಗಸರು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ನಮ್ಮ ಕರಾವಳಿಯವರಿಗೆ ಇದು ಕಂಡುಂಡ ಬದುಕು. ಹೀಗೆ ಮನೆಯಲ್ಲೇ ಕೂತು ಮತ್ತೊಬ್ಬರಿಗಾಗಿ ದುಡಿಯುವವರು ಜಗತ್ತಿನ ಎಷ್ಟೋ ದೇಶಗಳ ಕಾರ್ಮಿಕ ಕಾನೂನಿನ ಕಣ್ಣಿಗೇ ಬಿದ್ದಿರಲಿಲ್ಲ.

ಇದನ್ನು ಬದಲಿಸಲು ಹೊರಟಿದ್ದು 'ಸೇವಾ'. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ ಮಹಿಳಾ ಕಾರ್ಮಿಕರ ಸಂಘ.

ಗುರಿ, ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಐಎಲ್‌ಒ. ಆದರೆ ಅಲ್ಲಿ ಮತ ಇರೋದು ಸರ್ಕಾರಗಳಿಗೆ, ಮಾಲೀಕರಿಗೆ, ಕಾರ್ಮಿಕ ಸಂಘಗಳಿಗೆ ಮಾತ್ರ. ಮಹಿಳಾ ಸಂಘಟನೆ ಅಂತ ಹೋದರೆ ಮತವಿಲ್ಲ. ಹಾಗಾಗಿ ಸೇವಾ 1983ರಲ್ಲಿ ಆಹಾರ ಮತ್ತು ತೋಟ ಕಾರ್ಮಿಕರ ಜಾಗತಿಕ ಒಕ್ಕೂಟಕ್ಕೆ ಸೇರಿತು. ಆ ಬಾಗಿಲಿಂದ ಒಳಗೆ ಹೋಯಿತು. ಎಂಥ ದೂರದೃಷ್ಟಿ! 1994ರಲ್ಲಿ ಬೇರೆ ಬೇರೆ ದೇಶಗಳ ಇಂಥ ಸಂಘಟನೆಗಳು ಸೇರಿ, ಮನೆಯಲ್ಲಿ ದುಡಿಯುವವರ ಜಾಲ ಹೋಮ್‌ನೆಟ್ ಹುಟ್ಟಿತು.

1996ರ ಜೂನ್. ಮನೆಯಲ್ಲಿ ದುಡಿಯುವವರ ಕುರಿತ ಒಡಂಬಡಿಕೆ ಐಎಲ್‌ಒದಲ್ಲಿ ಮತಕ್ಕೆ ಬಂತು. ಮಾಲೀಕರ ಗುಂಪು ಒಪ್ಪಲಿಲ್ಲ. ಆದರೂ ಅದು ಐಎಲ್‌ಒದ 177ನೇ ಒಡಂಬಡಿಕೆಯಾಗಿ ಅಂಗೀಕಾರವಾಯಿತು. ಕೂಲಿ, ಸಾಮಾಜಿಕ ಭದ್ರತೆ, ಹೆರಿಗೆ ರಕ್ಷಣೆ, ಸಂಘ ಕಟ್ಟುವ ಹಕ್ಕು, ಈ ಎಲ್ಲದರಲ್ಲೂ ಮನೆಯಲ್ಲಿ ದುಡಿಯುವವರಿಗೆ ಉಳಿದ ಕಾರ್ಮಿಕರಂತೆಯೇ ಸಮಾನತೆ.

ಮೊದಲು ಅನುಮೋದಿಸಿದ ದೇಶ ಫಿನ್‌ಲ್ಯಾಂಡ್, 1998ರಲ್ಲಿ. ಭಾರತ ಇನ್ನೂ ಅನುಮೋದಿಸಿಲ್ಲ. ನಮ್ಮ ಹೆಂಗಸರೇ ಮುಂದೆ ನಿಂತು ಗೆದ್ದ ಹಕ್ಕಿಗೆ ನಮ್ಮ ದೇಶದ ಒಪ್ಪಿಗೆ ಇಲ್ಲ ಅನ್ನೋದು ನೋವಿನ ಸಂಗತಿ. ದಕ್ಷಿಣ ಏಷ್ಯಾದ ಸಂಘಟನೆಗಳು ಅನುಮೋದನೆ ಕೇಳುತ್ತಲೇ ಬಂದಿವೆ.